ಅನುಭಾವಗೋಷ್ಠಿಯಲ್ಲಿ ನಿರ್ಭಯತೆ

ಕೂಡಿ ಕಲಿಯುವುದು ಶರಣಧರ್ಮದ ಜೀವಾಳ. ಆದರೆ ಹಲವರು ಒಂದೆಡೆ ಕುಳಿತ ಮಾತ್ರಕ್ಕೆ ಅದು ಗೋಷ್ಠಿಯಾಗುವುದಿಲ್ಲ. ತನ್ನನ್ನು ಇತರರು ಕೀಳಾಗಿ ಎಣಿಸುವರೆಂಬ ಅಳುಕು ಎದೆಯಲ್ಲಿದ್ದವನ ಬುದ್ಧಿಯು ಅರಳಲಾರದು. ಇದು ಪ್ರಯೋಗದಿಂದಲೂ ಕಂಡುಬಂದ ಸಂಗತಿ.

ಉತ್ತರ ಪ್ರದೇಶದ ಹಳ್ಳಿಗಾಡಿನಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕ ಪಾಂಡೆ ಎಂಬ ವಿದ್ವಾಂಸರು ನಡೆಸಿದ ಪರೀಕ್ಷೆಯ ವಿವರವು 2004ರಲ್ಲಿ ಪ್ರಕಟವಾಯಿತು. ಮೇಲ್ಜಾತಿಯ 321 ಬಾಲಕರು, ಕೀಳೆನಿಸಿಕೊಂಡ ಜಾತಿಯ 321 ಬಾಲಕರು ಅದರಲ್ಲಿ ಭಾಗಿಗಳಾದರು. ಕಾಗದದಲ್ಲಿ ಬರೆದ ಸುತ್ತುದಾರಿಗಳನ್ನು ಬಿಡಿಸುವುದು ಅವರ ಕೆಲಸ. ಜಾತಿಯನ್ನು ಹೇಳದಿದ್ದಾಗ ಇಬ್ಬರೂ ಸಮಸಮನಾಗಿ ಬಿಡಿಸಿದರು. ಎಲ್ಲರೆದುರು ತಂದೆ, ತಾತಂದಿರ ಹೆಸರುಗಳೊಡನೆ ಜಾತಿಯನ್ನು ಸಾರಿದಾಗಲಾದರೋ ಎರಡನೆಯವರು ಹಿಂದೆ ಬಿದ್ದರು. ಬುದ್ಧಿಯು ಕ್ಷಣದಲ್ಲಿ ಕುಂದಲಿಲ್ಲ. ಕುಲದ ಹೆಸರು ನಡುವೆ ಅಡ್ಡಬಂದಿತು. ಇಂತಹ ಪರಿಣಾಮವು ಎಲ್ಲ ಪರೀಕ್ಷೆಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಕಂಡಿಲ್ಲವೆಂಬುದು ನಿಜ. ಆದರೂ ಈ ಎಚ್ಚರಿಕೆಯನ್ನು ಅಲಕ್ಷಿಸಲಾಗದು.

ಅಮೇರಿಕೆಯ ಏಮಿ ಎಡ್ಮಂಡ್ಸನ್ ಅವರು ಕಾರ್ಖಾನೆಯೊಂದರ 51 ತಂಡಗಳನ್ನು ಪರಿಶೀಲಿಸಿ 1999ರಲ್ಲಿ ಇನ್ನೊಂದು ಮಾತನ್ನು ತಿಳಿಸಿದರು. ತಪ್ಪನ್ನು ಒಪ್ಪಿಕೊಂಡರೆ, ಸಹಾಯವನ್ನು ಬೇಡಿದರೆ ಅವಮಾನವಾಗದೆಂಬ ನಂಬಿಕೆಯಿದ್ದ ತಂಡಗಳಲ್ಲಿ ಕಲಿಕೆಯು ಹೆಚ್ಚಾಗಿದ್ದಿತು.

ಕಲ್ಯಾಣದ ಶರಣರ ನಡೆಯು ಇವೆರಡಕ್ಕೂ ಮಾದರಿ. ಲಿಂಗವಂತನ ಕುಲವನ್ನು ಕೇಳಬಾರದೆಂಬುದು ಅವರ ಕಟ್ಟಳೆ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ ಮೊದಲಾದವರಿಗೆ ಕಾಯಕದ ಹೆಸರು ಹೀನತೆಯ ಗುರುತಾಗದೆ ಗೌರವದ ಗುರುತಾಯಿತು. ಆಯ್ದಕ್ಕಿ ಮಾರಯ್ಯನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳು. ಪತಿಯ ತಪ್ಪನ್ನು ಸತಿಯು ತಿದ್ದಿದಳು. ಪತಿಯು ಅದನ್ನು ಅರಿವಾಗಿಯೇ ಸ್ವೀಕರಿಸಿದನು.

ಇಂದು ನಮ್ಮ ಮನೆಗಳ ವಚನಪಾಠದಲ್ಲಿ, ಮಠಗಳ ಶಿವಾನುಭವಗೋಷ್ಠಿಯಲ್ಲಿ ಹೊಸಬನು ಬಂದಾಗ ಅವನ ಒಳಪಂಗಡವನ್ನು ವಿಚಾರಿಸುವವರಿಲ್ಲವೆ? ತಪ್ಪು ಉಚ್ಚರಿಸಿದ ಬಾಲಕನನ್ನು ಕಂಡು ನಗುವವರಿಲ್ಲವೆ? ಹೀಗೆ ಮಾಡಿ, ಅವನು ಮರುವಾರ ಬರಲಿಲ್ಲವೆಂದು ಅವನಲ್ಲಿಯೇ ಭಕ್ತಿಯ ಕೊರತೆಯನ್ನು ಕಾಣುತ್ತೇವೆ. ಕೊರತೆಯು ಗೋಷ್ಠಿಯದು.

ಆದುದರಿಂದ ಗೃಹಸ್ಥರು ಕುಲದ ಪ್ರಶ್ನೆಯನ್ನು ಹೊಸ್ತಿಲ ಹೊರಗೇ ಬಿಡಲಿ. ತಾಯಂದಿರಿಗೂ ಮಕ್ಕಳಿಗೂ ಮೊದಲು ಮಾತನಾಡುವ ಅವಕಾಶವನ್ನೀಯಲಿ. ಹಿರಿಯರು ತಮಗೆ ಅರ್ಥವಾಗದ ವಚನವನ್ನು ಅರ್ಥವಾಗಲಿಲ್ಲವೆಂದೇ ಹೇಳಲಿ. ಹಿರಿಯರು ಸಂಶಯವನ್ನು ಮುಚ್ಚಿಡದ ಕಡೆ ಕಿರಿಯರು ಕೇಳಲು ಅಂಜುವುದಿಲ್ಲ.