ಉಪ್ಪಿನ ಸರಪಳಿ

ಕಾರವಾರದ ಬಂದರಿಗೆ ಹೊಂದಿಕೊಂಡಿರುವ ಬೈತಖೋಲವು ಮೀನುಗಾರರ ನೆಲೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಮಳೆಯ ದಿನಗಳಲ್ಲಿ ಕರಾವಳಿಯ ಮನೆಗಳಲ್ಲಿ ಗಂಜಿಗೆ ಜೊತೆಯಾಗುವುದು, ಬೇಸಿಗೆಯಲ್ಲಿ ಉಪ್ಪು ಹಾಕಿ ಒಣಗಿಸಿಟ್ಟ ಬಂಗಡೆ. ಇಲ್ಲವೆ ಮಾವಿನ ಮಿಡಿಯ ಉಪ್ಪಿನಕಾಯಿ.

ಉಪ್ಪು ಈ ಸೀಮೆಗೆ ಬರಿಯ ರುಚಿಯ ವಸ್ತುವಲ್ಲ. 1930ರಲ್ಲಿ ಅಂಕೋಲೆಯ ಜನರು ಉಪ್ಪಿಗಾಗಿ ಕಾನೂನು ಮುರಿದು ಸೆರೆಮನೆ ಸೇರಿದರು. ಗೋಕರ್ಣದ ಬಳಿಯ ಸಾಣಿಕಟ್ಟಾದಲ್ಲಿ ಇಂದಿಗೂ ಉಪ್ಪು ಬೆಳೆಯುತ್ತಾರೆ. ಆದರೆ ಮಿತಿಮೀರಿದ ಉಪ್ಪು ರಕ್ತದ ಒತ್ತಡವನ್ನು ಏರಿಸುತ್ತದೆ. ಅದರಲ್ಲಿರುವ ಸೋಡಿಯಂ ಶರೀರದಲ್ಲಿ ನೀರನ್ನು ಹಿಡಿದಿಡುತ್ತದೆ. ರಕ್ತದ ಪ್ರಮಾಣ ಹೆಚ್ಚಿ ನಾಳಗಳ ಗೋಡೆಯನ್ನು ಒತ್ತುತ್ತದೆ. ಬಹುಕಾಲದ ಒತ್ತಡದಿಂದ ಮೂತ್ರಪಿಂಡಗಳು ಕೆಡುತ್ತವೆ. ಕೆಟ್ಟ ಮೂತ್ರಪಿಂಡಗಳು ಉಪ್ಪನ್ನು ಸರಿಯಾಗಿ ಹೊರಹಾಕಲಾರವು. ಒತ್ತಡ ಇನ್ನಷ್ಟು ಏರುತ್ತದೆ. ಕಾರ್ಯವೇ ಮರಳಿ ಕಾರಣವಾಗುವ ಸುತ್ತು ಇದು. ವರ್ಷಗಟ್ಟಲೆ ನೋವೇ ಇರುವುದಿಲ್ಲ. ಬಲೆ ಎಳೆಯುತ್ತಿದ್ದ ಕೈ ಒಂದು ದಿನ ಪಾರ್ಶ್ವವಾಯುವಿನಿಂದ ಬಿದ್ದುಹೋದಾಗಲೇ ಮನೆಯವರಿಗೆ ತಿಳಿಯುವುದುಂಟು.

ದಿನಕ್ಕೆ 5 ಗ್ರಾಂಗಿಂತ, ಅಂದರೆ ಸುಮಾರು ಒಂದು ಟೀ ಚಮಚಕ್ಕಿಂತ, ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. “ಉಪ್ಪು ಕಡಿಮೆ ಮಾಡು” ಎಂದು ವೈದ್ಯರೂ ಹೇಳುತ್ತಾರೆ. ಮಾತು ಸರಿ. ಆದರೆ ಉಪ್ಪು ತಟ್ಟೆಗೆ ಬರುವ ದಾರಿಯನ್ನು ನೋಡಿರಿ. ಮಂಜುಗಡ್ಡೆ ಸಾಲದಿದ್ದರೆ ಹಸಿಮೀನು ಕೆಡುತ್ತದೆ. ಆದುದರಿಂದ ಮಾರಾಟವಾಗದ ಮೀನು ಉಪ್ಪಿಗೆ ಬೀಳುತ್ತದೆ. ಒಣಮೀನನ್ನೇ ನಿಲ್ಲಿಸೋಣವೆಂದರೆ ಅದನ್ನು ಮಾರುವ ಹೆಂಗಸರ ಆದಾಯ ಹೋಗುತ್ತದೆ. ಕಾಸಿಲ್ಲದ ಮನೆ ಉಪ್ಪಿನಕಾಯಿಯಿಂದಲೇ ಉಣ್ಣಬೇಕಾಗುತ್ತದೆ. ಒಂದು ಕೊಂಡಿಯನ್ನು ಎಳೆದರೆ ಸರಪಳಿಯೆಲ್ಲ ಅಲುಗುವುದು. ಇಲ್ಲಿ ರೋಗಿಯೊಬ್ಬನನ್ನೇ ದೂರಿ ಏನು ಫಲ?

ಇಂತಹ ಸರಪಳಿಯನ್ನು ಇಡಿಯಾಗಿ ಕೈಗೆತ್ತಿಕೊಂಡ ಒಂದು ಪ್ರಾಂತವುಂಟು. ಫಿನ್ಲೆಂಡಿನ ಉತ್ತರ ಕರೇಲಿಯದಲ್ಲಿ ನಡುವಯಸ್ಸಿನ ಗಂಡಸರು ಹೃದ್ರೋಗದಿಂದ ಸಾಯುತ್ತಿದ್ದರು. ಅಲ್ಲಿನ ಆಹಾರದಲ್ಲಿ ಬೆಣ್ಣೆ, ಉಪ್ಪು ಎರಡೂ ಹೆಚ್ಚು. 1972ರಲ್ಲಿ ಪೆಕ್ಕಾ ಪುಸ್ಕಾ ಎಂಬ ತರುಣ ವೈದ್ಯರ ನೇತೃತ್ವದಲ್ಲಿ ಕೆಲಸ ಆರಂಭವಾಯಿತು. ಅವರು ಆಸ್ಪತ್ರೆಯಲ್ಲಿ ಕುಳಿತಿರಲಿಲ್ಲ. ಗೃಹಿಣಿಯರ ಸಂಘಗಳನ್ನೂ ಮಾಂಸದ ತಿನಿಸು ತಯಾರಕರನ್ನೂ ಜೊತೆಗೂಡಿಸಿಕೊಂಡರು. ಬೆಣ್ಣೆಯ ಬಳಕೆ ಇಳಿದರೆ ಹೈನುಗಾರರ ಗತಿಯೇನು? ಅವರು ಹಣ್ಣಿನ ಬೆಳೆಗೆ ತಿರುಗಲು ನೆರವು ದೊರೆಯಿತು. ನಾಲ್ಕು ದಶಕಗಳಲ್ಲಿ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವಿನ ದರ ಶೇಕಡಾ 80ಕ್ಕೂ ಹೆಚ್ಚು ತಗ್ಗಿತು.

ಬೈತಖೋಲದಲ್ಲಿ ಕೊಂಡಿಗಳು ಬೇರೆ. ಒಣಮೀನನ್ನು ನೆನೆಸಿ ಆ ನೀರನ್ನು ಚೆಲ್ಲಿದರೆ ಉಪ್ಪಿನ ಒಂದು ಪಾಲು ಹೊರಹೋಗುತ್ತದೆ. ಅದು ಅಡಿಗೆಮನೆಯ ಕೊಂಡಿ. ಮಂಜುಗಡ್ಡೆಯದು ಬಂದರಿನ ಕೊಂಡಿ. ಒತ್ತಡವನ್ನು ಅಳೆಯುವುದು ಆರೋಗ್ಯ ಕೇಂದ್ರದ ಕೆಲಸ. ದೋಣಿಗಳು ದಡ ಸೇರಿರುವ ಆ ಎರಡು ತಿಂಗಳುಗಳೇ ಅದಕ್ಕೆ ತಕ್ಕ ಕಾಲ. ಕಡಲಿಗೆ ಹೋಗುವ ಗಂಡಸರು ಆಗ ಮನೆಯಲ್ಲಿ ಸಿಗುತ್ತಾರೆ.