ಹೊಟ್ಟೆನೋವಾಗುವ ನುಂಗಿದ ಮಾತು
ಮಕ್ಕಳಿಗೂ ಹದಿಹರೆಯದವರಿಗೂ ಗೆಸ್ಟಾಲ್ಟ್ ಆಟ-ಚಿಕಿತ್ಸೆ

ದೊಡ್ಡವರ ಮನಸ್ಸಿಗೆ ನೋವಾದರೆ ಹೇಳಿಕೊಳ್ಳಲು ಅವರಿಗೆ ಮಾತಿದೆ. ಜಗಲಿಯ ಮೇಲೆ ಕುಳಿತು ನೆರೆಯವರೊಡನೆ ಹಂಚಿಕೊಳ್ಳುತ್ತಾರೆ, ಇಲ್ಲವೇ ತವರಿಗೆ ಹೋಗಿ ಅತ್ತು ಹಗುರವಾಗುತ್ತಾರೆ. ಆರೇಳು ವರ್ಷದ ಮಗುವಿಗೆ ಈ ಸೌಕರ್ಯವಿಲ್ಲ. ತನಗೆ ಆಗುತ್ತಿರುವುದು ಭಯವೋ, ಸಿಟ್ಟೋ, ಅಗಲಿಕೆಯ ದುಃಖವೋ ಎಂಬುದೇ ಅದಕ್ಕೆ ತಿಳಿಯದು. ಹೇಳಲಾಗದ ಆ ಮಾತು ಹೊಟ್ಟೆನೋವಾಗಿ, ತಲೆನೋವಾಗಿ, ಹಾಸಿಗೆ ಒದ್ದೆಯಾಗುವುದಾಗಿ, ಹಟವಾಗಿ ಅಥವಾ ಪೂರ್ಣ ಮೌನವಾಗಿ ಹೊರಬರುತ್ತದೆ. ಇಂಥ ಮಕ್ಕಳಿಗೆ ನೆರವಾಗುವ ವಿಧಾನಗಳಲ್ಲಿ ಗೆಸ್ಟಾಲ್ಟ್ ಆಟ-ಚಿಕಿತ್ಸೆಯೂ ಒಂದು. ಹೆಸರು ವಿದೇಶಿಯಾದರೂ ಅದರ ಸಾಮಗ್ರಿಗಳು ನಮ್ಮ ಹಿತ್ತಲಲ್ಲೇ ಇವೆ: ಜೇಡಿಮಣ್ಣು, ಮರಳು, ಬಣ್ಣದ ಕಡ್ಡಿ, ಗೊಂಬೆ, ಕಥೆ.

ಹಳೇಬೀಡಿನ ಗೋಡೆ ಕಲಿಸುವ ಪಾಠ

'ಗೆಸ್ಟಾಲ್ಟ್' ಜರ್ಮನ್ ಭಾಷೆಯ ಪದ. ಬಿಡಿ ಬಿಡಿ ಭಾಗಗಳಾಗಿ ಅಲ್ಲದೆ ಒಟ್ಟಾಗಿ ಕಾಣುವ ಇಡಿಯ ಆಕಾರ ಎಂದು ಅದರ ಅರ್ಥ. ಇದನ್ನು ತಿಳಿಯಲು ಹಾಸನ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಮುಂದೆ ನಿಲ್ಲಿ. ಕೆಳಗಿನ ಪಟ್ಟಿಯಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಇನ್ನೂ ಮೇಲೆ ಬಳ್ಳಿ, ಕುದುರೆ ಸವಾರರು. ಕಣ್ಣು ಆನೆಯ ಮೇಲೆ ನೆಟ್ಟಾಗ ಉಳಿದುದೆಲ್ಲ ಹಿಂದೆ ಸರಿಯುತ್ತದೆ. ಸವಾರನನ್ನು ನೋಡತೊಡಗಿದರೆ ಆನೆಯೇ ಹಿನ್ನೆಲೆಯಾಗುತ್ತದೆ. ಮನಸ್ಸು ಯಾವಾಗಲೂ ಒಂದನ್ನು ಮುಂದಿಟ್ಟುಕೊಂಡು ಉಳಿದುದನ್ನು ಹಿಂದೆ ತಳ್ಳುತ್ತದೆ. ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ದೈಮರ್ 1912ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬೆಳೆದ ಶಾಸ್ತ್ರದ ತಿರುಳು ಇಂಥದು.

ಆರೋಗ್ಯವಂತ ಮಗುವಿನಲ್ಲಿ ಈ ಅದಲುಬದಲು ಸಲೀಸಾಗಿ ನಡೆಯುತ್ತದೆ. ಹಸಿವಾದಾಗ ಊಟವೇ ಮುಂದೆ, ಊಟವಾದ ಮೇಲೆ ಆಟವೇ ಮುಂದೆ. ಆದರೆ ತೀರದ ದುಃಖವೊಂದು ಒಳಗೆ ಉಳಿದುಬಿಟ್ಟರೆ ಅದು ಪೂರ್ತಿಯಾಗಿ ಮುಂದೆಯೂ ಬಾರದು, ಹಿಂದೆಯೂ ಸರಿಯದು. ಪಾಠದ ಮೇಲೆ ಗಮನ ನಿಲ್ಲದು, ಗೆಳೆಯರೊಡನೆ ಬೆರೆಯುವುದಾಗದು.

ಈ ತಿಳಿವಳಿಕೆಯನ್ನು ಚಿಕಿತ್ಸೆಯ ರೂಪಕ್ಕೆ ತಂದವರಲ್ಲಿ ಮುಖ್ಯರಾದವರು ಹಿಟ್ಲರನ ಕಾಲದಲ್ಲಿ ಜರ್ಮನಿ ತೊರೆದ ಫ್ರಿಟ್ಜ್ ಪರ್ಲ್ಸ್ ಮತ್ತು ಲಾರಾ ಪರ್ಲ್ಸ್ ದಂಪತಿ. ಈ ಚಿಕಿತ್ಸೆಯ ಮೂಲ ಗ್ರಂಥ 1951ರಲ್ಲಿ ಪ್ರಕಟವಾಯಿತು. ಅದನ್ನು ಮಕ್ಕಳಿಗೆ ಒಗ್ಗಿಸಿದ ಕೀರ್ತಿ ಅಮೆರಿಕದ ವಯಲೆಟ್ ಓಕ್‌ಲ್ಯಾಂಡರ್ ಅವರದು. ತೊಂದರೆಗೊಳಗಾದ ಮಕ್ಕಳಿಗೆ ಶಾಲೆಯಲ್ಲಿ ಪಾಠ ಹೇಳಿದ ಅನುಭವ ಅವರಿಗಿತ್ತು. 1978ರಲ್ಲಿ ಅವರು ಬರೆದ ಪುಸ್ತಕ ಅನೇಕ ದೇಶಗಳ ಚಿಕಿತ್ಸಕರಿಗೆ ಕೈಪಿಡಿಯಾಯಿತು. ಅವರು 2021ರಲ್ಲಿ ತೀರಿಕೊಂಡರು.

ಮಗು ಮಾತನ್ನು ನುಂಗುವುದು ಹೇಗೆ?

ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಅರಸೀಕೆರೆ ಕಡೆಯ ಹಳ್ಳಿಯೊಂದರ ಏಳು ವರ್ಷದ ಹುಡುಗ. ಮಳೆ ಕೈಕೊಟ್ಟು ತೆಂಗಿನ ತೋಟ ಒಣಗಿದ ಮೇಲೆ ತಂದೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿದ್ದಾರೆ. ಭಾನುವಾರ ಬಂದು ರಾತ್ರಿಯ ರೈಲಿಗೆ ಹಿಂದಿರುಗುತ್ತಾರೆ. ಸೋಮವಾರ ಬೆಳಿಗ್ಗೆ ಹುಡುಗನಿಗೆ ಹೊಟ್ಟೆನೋವು. ಜಂತುಹುಳುವಿನ ಔಷಧಿಯಾಯಿತು, ದೃಷ್ಟಿ ತೆಗೆದದ್ದಾಯಿತು, ನೋವು ಮಾತ್ರ ಹೋಗಲಿಲ್ಲ. "ಗಂಡುಹುಡುಗ ಅಳಬಾರದು, ನೀನೇ ಈಗ ಮನೆಗೆ ಯಜಮಾನ" ಎಂದು ಅಜ್ಜಿ ಧೈರ್ಯ ಹೇಳಿದ್ದಾರೆ. ಹುಡುಗ ಆ ಮಾತನ್ನು ಅಗಿಯದೆ ನುಂಗಿದ್ದಾನೆ.

ದೊಡ್ಡವರ ಮಾತನ್ನು ಮಗು ವಿಮರ್ಶಿಸಲಾರದು. ಹೇಳಿದ್ದನ್ನು ಹಾಗೆಯೇ ಸತ್ಯವೆಂದು ಒಪ್ಪಿಬಿಡುತ್ತದೆ. "ನೀನು ದಡ್ಡ" ಎಂದರೆ ತಾನು ದಡ್ಡನೇ ಎಂದುಕೊಳ್ಳುತ್ತದೆ. ಮನೆಯಲ್ಲಿ ಜಗಳವಾದರೆ, ಯಾರಾದರೂ ತೀರಿಕೊಂಡರೆ, ತಂದೆ ದೂರ ಹೋದರೆ ಅದಕ್ಕೆಲ್ಲ ತಾನೇ ಕಾರಣವೆಂದು ಭಾವಿಸುವುದು ಆ ವಯಸ್ಸಿನ ಸಹಜ ಗುಣ. ಇನ್ನು ಸಿಟ್ಟು ಬಂದರೆ ಅದನ್ನು ತೋರಿಸುವುದು ಅಪಾಯ, ಪ್ರೀತಿ ಕಳೆದುಹೋದೀತು ಎಂಬ ಅಂಜಿಕೆ. ಆದ್ದರಿಂದ ಹೊರಗೆ ಹೋಗಬೇಕಾದ ಸಿಟ್ಟನ್ನು ತನ್ನೊಳಕ್ಕೇ ತಿರುಗಿಸಿಕೊಳ್ಳುತ್ತದೆ. ಹಲ್ಲು ಕಚ್ಚಿ, ಹೊಟ್ಟೆ ಬಿಗಿಹಿಡಿದು, ಉಸಿರನ್ನು ಮೇಲೆಮೇಲೆ ಎಳೆದುಕೊಳ್ಳುತ್ತದೆ. ಆ ಹುಡುಗನ ಹೊಟ್ಟೆನೋವು ನಾಟಕವಲ್ಲ, ನಿಜವಾದ ನೋವೇ. ಅದರ ಬೇರು ಮಾತ್ರ ಹೊಟ್ಟೆಯಲ್ಲಿಲ್ಲ.

ಚಿಕಿತ್ಸೆಯ ಮೆಟ್ಟಿಲುಗಳು

ಮೊದಲನೆಯದು ಸಂಬಂಧ. ಚಿಕಿತ್ಸಕರು ಮಗುವನ್ನು ಪ್ರಶ್ನೆಗಳಿಂದ ಕಾಡುವುದಿಲ್ಲ, ಉಪದೇಶ ಮಾಡುವುದಿಲ್ಲ. ಸಮಾನಸ್ಕಂಧರಂತೆ ನೆಲದ ಮೇಲೆ ಕುಳಿತು ಆಡುತ್ತಾರೆ. ಈ ವಿಶ್ವಾಸ ಬೆಳೆಯದೆ ಮುಂದಿನದೇನೂ ಸಾಧ್ಯವಿಲ್ಲ. ಕೆಲವು ಮಕ್ಕಳಿಗೆ ಇದೊಂದಕ್ಕೇ ವಾರಗಳು ಬೇಕಾಗುತ್ತವೆ.

ಎರಡನೆಯದು ಇಂದ್ರಿಯಗಳನ್ನು ಎಚ್ಚರಿಸುವುದು. ನೋವುಂಡ ಮಗು ತನ್ನ ಮೈಯನ್ನೇ ಮರೆತಿರುತ್ತದೆ. ಒದ್ದೆ ಮಣ್ಣನ್ನು ನಾದುವುದು, ಕಣ್ಣುಮುಚ್ಚಿ ಚೀಲದೊಳಗಿನ ವಸ್ತುಗಳನ್ನು ಮುಟ್ಟಿ ಗುರುತಿಸುವುದು, ಸಾಬೂನಿನ ಗುಳ್ಳೆ ಊದುತ್ತ ನಿಧಾನವಾಗಿ ಉಸಿರು ಬಿಡುವುದು, ಇವು ನೋಡಲು ಬರಿಯ ಆಟ. ಆದರೆ ಬಿಗಿದ ಹೊಟ್ಟೆ ಸಡಿಲವಾಗುವುದು ಇಲ್ಲಿಂದಲೇ.

ಮೂರನೆಯದು 'ನಾನು' ಎಂಬುದನ್ನು ಗಟ್ಟಿಗೊಳಿಸುವುದು. ಯಾವ ಆಟ, ಯಾವ ಬಣ್ಣ ಎಂದು ಮಗುವೇ ಆರಿಸಬೇಕು. ಬೇಡವೆನ್ನುವ ಹಕ್ಕೂ ಅದಕ್ಕಿದೆ. ಚೌಕಾಬಾರದಲ್ಲಿ ಗೆಲ್ಲುವುದು, ಬುಗುರಿ ತಿರುಗಿಸಲು ಕಲಿಯುವುದು, "ನನಗೆ ಇದು ಇಷ್ಟ, ಇದು ಇಷ್ಟವಿಲ್ಲ" ಎಂದು ಹೇಳುವುದು, ಇವೆಲ್ಲ ಬಲ ತುಂಬುತ್ತವೆ. ಈ ಬಲ ಬಾರದೆ ಒಳಗಿನ ನೋವನ್ನು ಕೆದಕಬಾರದು.

ನಾಲ್ಕನೆಯದು ಭಾವನೆಯನ್ನು ಹೊರಗೆ ತರುವುದು. ಓಕ್‌ಲ್ಯಾಂಡರ್ ಬಳಸುತ್ತಿದ್ದ ಪ್ರಸಿದ್ಧ ವಿಧಾನವೊಂದರಲ್ಲಿ ಮಗು ತನ್ನನ್ನು ಗುಲಾಬಿ ಗಿಡವೆಂದು ಕಲ್ಪಿಸಿಕೊಂಡು ಚಿತ್ರ ಬರೆಯುತ್ತದೆ. ನಮ್ಮ ಕಡೆಯ ಮಗು ತೆಂಗಿನ ಸಸಿಯಾಗಬಹುದು. "ನೀನು ಎಲ್ಲಿ ಬೆಳೆದಿದ್ದೀಯೆ? ಬೇರು ಆಳವಾಗಿದೆಯೋ? ನೀರು ಹಾಕುವವರು ಯಾರು? ಪಕ್ಕದಲ್ಲಿ ಯಾರಿದ್ದಾರೆ?" ಎಂದು ಚಿಕಿತ್ಸಕರು ಕೇಳುತ್ತಾರೆ. ಮಗು ಸಸಿಯಾಗಿಯೇ ಉತ್ತರಿಸುತ್ತದೆ. "ನನಗೆ ನೀರು ಹಾಕುವವರು ಭಾನುವಾರ ಮಾತ್ರ ಬರುತ್ತಾರೆ" ಎಂದು ನಮ್ಮ ಹುಡುಗ ಹೇಳಿದನೆನ್ನೋಣ. ಆಗ "ಈ ಸಸಿಗೆ ಅನ್ನಿಸುವ ಹಾಗೆ ನಿನಗೂ ಯಾವಾಗಲಾದರೂ ಅನ್ನಿಸುತ್ತದೆಯೇ?" ಎಂಬ ಒಂದೇ ಮೆದುವಾದ ಪ್ರಶ್ನೆ. ಹೌದು ಎಂದರೆ ಮಾತು ಮುಂದುವರಿಯುತ್ತದೆ, ಇಲ್ಲವೆಂದರೆ ಅಲ್ಲಿಗೇ ನಿಲ್ಲುತ್ತದೆ. ಅರ್ಥ ಹೇಳಬೇಕಾದದ್ದು ಮಗು. ಕಪ್ಪು ಬಣ್ಣ ಬಳಿದರೆ ದುಃಖ, ಕೆಂಪು ಬಳಿದರೆ ಸಿಟ್ಟು ಎಂದು ದೊಡ್ಡವರು ತೀರ್ಪು ಕೊಡುವುದು ಈ ಪದ್ಧತಿಗೆ ವಿರುದ್ಧ.

ಖಾಲಿ ಕುರ್ಚಿಯ ವಿಧಾನವೂ ಹೀಗೆಯೇ. ಕುರ್ಚಿಯ ಮೇಲೆ ಒಂದು ಗೊಂಬೆ ಅಥವಾ ದಿಂಬನ್ನಿಟ್ಟು, ದೂರವಿರುವ ಅಥವಾ ತೀರಿಹೋದ ವ್ಯಕ್ತಿಗೆ ಹೇಳಬೇಕಾಗಿದ್ದ ಮಾತನ್ನು ಮಗು ಅದಕ್ಕೆ ಹೇಳುತ್ತದೆ. "ನನ್ನನ್ನು ಬಿಟ್ಟು ಯಾಕೆ ಹೋದೆ?" ಎಂಬ ಮಾತು ಬಾಯಿಗೆ ಬಂದಾಗ ತಡೆದಿದ್ದ ಅಳುವೂ ಬರುವುದುಂಟು. ಬೇಲೂರು, ಆಲೂರು, ಸಕಲೇಶಪುರ ಕಡೆ ಕಾಡಾನೆಯ ಭಯದಲ್ಲಿ ಬೆಳೆಯುವ ಮಗು ಮರಳಿನ ತಟ್ಟೆಯಲ್ಲಿ ಆನೆ, ಮನೆ, ಬೇಲಿಗಳನ್ನಿಟ್ಟು ಆಡಬಹುದು. ಆನೆ ಎಲ್ಲಿ ನಿಲ್ಲಬೇಕು, ಬೇಲಿ ಎಲ್ಲಿರಬೇಕು ಎಂದು ನಿರ್ಧರಿಸುವ ಅಧಿಕಾರ ಆ ತಟ್ಟೆಯಲ್ಲಿ ಅದರದೇ.

ಕೊನೆಯದು ತನ್ನನ್ನು ತಾನೇ ಸಂತೈಸುವುದು. ಅಂಜಿದ ಗೊಂಬೆಯನ್ನು ಮಡಿಲಲ್ಲಿಟ್ಟು "ಅಪ್ಪ ಹೋದದ್ದು ನಿನ್ನ ತಪ್ಪಲ್ಲ" ಎಂದು ಮಗು ಹೇಳುವಾಗ, ನುಂಗಿದ್ದ ತಪ್ಪು ಮಾತು ಹೊರಬಿದ್ದು ಹೊಸ ಮಾತು ಅಲ್ಲಿ ಕೂರುತ್ತದೆ.

ಹದಿಹರೆಯದವರಿಗೆ

ಹದಿನಾಲ್ಕರ ಹುಡುಗಿಯ ಮುಂದೆ ಗೊಂಬೆಯಿಟ್ಟರೆ ಆಕೆಗೆ ಅವಮಾನವೆನಿಸೀತು. ಈ ವಯಸ್ಸಿಗೆ ಹಳೆಯ ಪತ್ರಿಕೆಗಳ ಚಿತ್ರಗಳನ್ನು ಕತ್ತರಿಸಿ "ಲೋಕ ನೋಡುವ ನಾನು" ಮತ್ತು "ನನಗಷ್ಟೇ ಗೊತ್ತಿರುವ ನಾನು" ಎಂದು ಎರಡು ಹಾಳೆ ಅಂಟಿಸುವುದು, ಕಥೆ ಬರೆಯುವುದು, ಮಣ್ಣಿನ ಕೆಲಸ ಹೊಂದುತ್ತವೆ. ಎರಡು ಕುರ್ಚಿಯ ವಿಧಾನವೂ ಉಪಯುಕ್ತ. ಎಸ್.ಎಸ್.ಎಲ್.ಸಿ. ಮುಗಿಸಿ ವಿಜ್ಞಾನವೋ ಕಲೆಯೋ ಎಂಬ ಇಬ್ಬಂದಿಯಲ್ಲಿರುವ ಹುಡುಗ ಒಂದು ಕುರ್ಚಿಯಲ್ಲಿ ಕುಳಿತು "ಎಲ್ಲರ ನಿರೀಕ್ಷೆ"ಯಾಗಿ ಮಾತನಾಡಿ, ಇನ್ನೊಂದರಲ್ಲಿ "ನನ್ನ ಆಸೆ"ಯಾಗಿ ಉತ್ತರಿಸುತ್ತಾನೆ. ಯಾವ ಮಾತು ತನ್ನದು, ಯಾವುದು ನುಂಗಿದ್ದು ಎಂಬುದು ಅವನಿಗೇ ಕೇಳಿಸತೊಡಗುತ್ತದೆ. ಗುಟ್ಟನ್ನು ಕಾಯುವ ಭರವಸೆ ಇಲ್ಲಿ ಬಹಳ ಮುಖ್ಯ. ಜೀವಕ್ಕೆ ಅಪಾಯ ಅಥವಾ ದೌರ್ಜನ್ಯದ ವಿಷಯವಾದರೆ ಮಾತ್ರ ಗುಟ್ಟು ಉಳಿಯದೆಂದು ಮೊದಲೇ ತಿಳಿಸಿರಬೇಕು.

ಫಲವೆಷ್ಟು, ಮಿತಿಯೆಲ್ಲಿ?

ಆಟ-ಚಿಕಿತ್ಸೆಯನ್ನು ಕುರಿತ 93 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿಯೊಂದು 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಮಕ್ಕಳಿಗೆ ಒಳ್ಳೆಯ ಪ್ರಯೋಜನವಾಗುತ್ತದೆಂದೂ, ತಂದೆತಾಯಿಯರು ಪೂರ್ಣವಾಗಿ ಭಾಗವಹಿಸಿದಾಗ ಪ್ರಯೋಜನ ಇನ್ನೂ ಹೆಚ್ಚೆಂದೂ ಅದು ಕಂಡುಕೊಂಡಿತು. ಆದರೆ ಇದು ಹಲವು ಬಗೆಯ ಆಟ-ಚಿಕಿತ್ಸೆಗಳ ಲೆಕ್ಕ. ಗೆಸ್ಟಾಲ್ಟ್ ಪದ್ಧತಿಯೊಂದನ್ನೇ ಪರೀಕ್ಷಿಸಿದ ಕಟ್ಟುನಿಟ್ಟಿನ ಅಧ್ಯಯನಗಳು ಕಡಿಮೆ. ಅಲ್ಲದೆ ಸಿಟ್ಟು ಬಂದಾಗ ದಿಂಬಿಗೆ ಗುದ್ದಿದರೆ ಸಿಟ್ಟು ಖಾಲಿಯಾಗುತ್ತದೆಂಬ ಹಳೆಯ ನಂಬಿಕೆಯನ್ನು ನಂತರದ ಪ್ರಯೋಗಗಳು ಒಪ್ಪಿಲ್ಲ. ಬರಿದೇ ಗುದ್ದುವುದರಿಂದ ಸಿಟ್ಟು ಏರುವುದೂ ಉಂಟು. ಯಾರ ಮೇಲೆ, ಯಾವುದಕ್ಕೆ ಸಿಟ್ಟು ಎಂದು ಹೆಸರಿಟ್ಟು ಹೇಳುವುದೇ ನೆರವಾಗುವ ಅಂಶ.

ಇದು ಎಲ್ಲಕ್ಕೂ ಮದ್ದಲ್ಲ. ಹೊಟ್ಟೆನೋವು ಎಂದಾಗ ಮೊದಲು ಮಕ್ಕಳ ವೈದ್ಯರು ನೋಡಲೇಬೇಕು. ಮಲಬದ್ಧತೆ, ಮೂತ್ರದ ಸೋಂಕು ಮುಂತಾದವನ್ನು ಅಲ್ಲಗಳೆದ ಮೇಲೆಯೇ ಮನಸ್ಸಿನ ಮಾತು. ಓದಿನಲ್ಲಿ ಹಿಂದುಳಿದ ಮಗುವಿಗೆ ಕಣ್ಣು, ಕಿವಿಗಳ ಪರೀಕ್ಷೆ ಮೊದಲು. ಮೂರ್ಛೆರೋಗ, ಆಟಿಸಂ, ತೀವ್ರ ಖಿನ್ನತೆಗಳಿಗೆ ಅವುಗಳದೇ ಚಿಕಿತ್ಸೆ ಬೇಕು.

ಮನೆಯಲ್ಲಿ ಏನು ಮಾಡಬಹುದು?

ಖಾಲಿ ಕುರ್ಚಿಯಂಥ ವಿಧಾನಗಳನ್ನು ತರಬೇತಿಯಿಲ್ಲದೆ ಮನೆಯಲ್ಲಿ ಪ್ರಯೋಗಿಸಬಾರದು. ಎದ್ದ ನೋವನ್ನು ಕೂರಿಸುವುದು ಬಲ್ಲವರ ಕೆಲಸ. ಆದರೆ ಪಾಲಕರು ಇಷ್ಟನ್ನು ಧಾರಾಳವಾಗಿ ಮಾಡಬಹುದು:

1. ದಿನಕ್ಕೆ 15-20 ನಿಮಿಷ ಮಗುವಿನೊಡನೆ ಅದು ಆರಿಸಿದ ಆಟವಾಡಿ. ಆ ಹೊತ್ತಿನಲ್ಲಿ ಮೊಬೈಲ್ ದೂರವಿರಲಿ, ಪಾಠ ಹೇಳಬೇಡಿ, ತಿದ್ದಬೇಡಿ.

2. "ಯಾಕೆ ಹೀಗೆ ಮಾಡಿದೆ?" ಎನ್ನುವ ಬದಲು "ಈಗ ಮೈಯಲ್ಲಿ ಎಲ್ಲಿ ಬಿಗಿಯಾಗಿದೆ?" ಎಂದು ಕೇಳಿ. ಮೊದಲನೆಯದಕ್ಕೆ ಮಗುವಿನ ಬಳಿ ಉತ್ತರವಿರುವುದಿಲ್ಲ.

3. ಭಾವನೆಗೆ ಹೆಸರು ಕೊಡಿ. "ಅಪ್ಪ ಹೊರಟಾಗ ನಿನಗೆ ಬೇಜಾರಾಯಿತು ಅಲ್ಲವೆ?" ಎಂದರೆ ಸಾಕು. ಅಳಬೇಡ ಎನ್ನಬೇಡಿ.

4. ಚಿತ್ರ ತೋರಿಸಿದರೆ ಹೊಗಳಿಕೆಗೂ ತೆಗಳಿಕೆಗೂ ಮುನ್ನ "ಇದರ ಕಥೆ ಹೇಳು" ಎನ್ನಿ.

5. ಮನೆಯ ಕಷ್ಟವನ್ನು ವಯಸ್ಸಿಗೆ ತಕ್ಕಂತೆ ಸರಳವಾಗಿ ತಿಳಿಸಿ. "ಇದು ನಿನ್ನ ತಪ್ಪಲ್ಲ" ಎಂದು ಮತ್ತೆ ಮತ್ತೆ ಹೇಳಿ.

ಯಾವಾಗ ತಡಮಾಡಬಾರದು?

ಸಾಯುವ ಮಾತು, ತನ್ನನ್ನು ತಾನೇ ಗಾಯ ಮಾಡಿಕೊಳ್ಳುವುದು, ಊಟ-ನಿದ್ರೆ ಬಿಡುವುದು, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ಇದ್ದಕ್ಕಿದ್ದಂತೆ ಭಯಪಡುವುದು, ವಾರಗಟ್ಟಲೆ ಶಾಲೆ ತಪ್ಪುವುದು, ಇವು ತಜ್ಞರ ಬಳಿ ಹೋಗಬೇಕಾದ ಸೂಚನೆಗಳು. ಆಟದ ನಡುವೆ ಮಗು ಲೈಂಗಿಕ ದೌರ್ಜನ್ಯದ ಸುಳಿವು ಕೊಟ್ಟರೆ ಶಾಂತವಾಗಿ ಕೇಳಿಸಿಕೊಳ್ಳಿ, ಅಡ್ಡಪ್ರಶ್ನೆ ಹಾಕಬೇಡಿ, ನಂಬಿದ್ದೇನೆಂದು ಹೇಳಿ. 2012ರ ಪೋಕ್ಸೋ ಕಾಯಿದೆಯ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ವರದಿ ಮಾಡುವುದು ಕಡ್ಡಾಯ.

ಅರಸೀಕೆರೆ, ಬೇಲೂರು, ಹಳೇಬೀಡಿನ ಕುಟುಂಬಗಳಿಗೆ ಹತ್ತಿರದ ದೊಡ್ಡ ಆಸರೆ ಹಾಸನ. ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗವನ್ನು ಕಾಣಬಹುದು. ಮನೋವೈದ್ಯರ ಭೇಟಿಯ ದಿನವನ್ನು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೆಂದೇ ಪ್ರತ್ಯೇಕ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ದೂರವಾಣಿ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲೇ ಮಾತನಾಡಬಹುದು. ಅಪಾಯದಲ್ಲಿರುವ ಮಕ್ಕಳಿಗಾಗಿ ಸಹಾಯವಾಣಿ 1098 ಇದೆ. ಖಾಸಗಿಯಾಗಿ ಆಟ-ಚಿಕಿತ್ಸೆ ಕೊಡುವವರ ಬಳಿ ಹೋಗುವಾಗ ಅವರ ಶಿಕ್ಷಣ, ತರಬೇತಿ ಮತ್ತು ನೋಂದಣಿಯನ್ನು ಕೇಳಿ ತಿಳಿಯಲು ಸಂಕೋಚ ಬೇಡ.

ಮಗುವನ್ನು ಮನೋವೈದ್ಯರಲ್ಲಿಗೆ ಕರೆದೊಯ್ದರೆ ಊರವರು ಏನೆಂದಾರು ಎಂಬ ಅಳುಕು ಹಲವು ಮನೆಗಳಲ್ಲಿದೆ. ಹಲ್ಲುನೋವಿಗೆ ವೈದ್ಯರನ್ನು ಕಾಣಲು ನಾಚದ ನಾವು ಇದಕ್ಕೂ ನಾಚಬೇಕಿಲ್ಲ. ಹತ್ತು ವರ್ಷದೊಳಗೆ ಹೊರಬಂದ ಅಳು ಆಟದೊಂದಿಗೆ ಕರಗಬಹುದು. ಅದೇ ಅಳು ಒಳಗೇ ಉಳಿದು ಬೆಳೆದರೆ, ಮುಂದೆ ಅದನ್ನು ಕರಗಿಸಲು ಹೆಚ್ಚು ಕಾಲವೂ ಹೆಚ್ಚು ಶ್ರಮವೂ ಬೇಕಾದೀತು.