ಟರ್ಬೊ ಕೂರಿಸಹೊರಟ ತಮ್ಮನಿಗೊಂದು ಕಾಗದ

ಪ್ರೀತಿಯ ತಮ್ಮ,

ನೀನು ಕಳಿಸಿದ ಫೋಟೊಗಳನ್ನು ದೊಡ್ಡದು ಮಾಡಿಕೊಂಡು ನೋಡಿದೆ. ಹಳೇ ಎಸ್ಟೀಮ್, ಅದರ 1.3 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ಯಾವುದೋ ಡೀಸೆಲ್ ಕಾರಿನಿಂದ ಬಿಚ್ಚಿದ ಪುಟ್ಟ ಟರ್ಬೊ. ಮ್ಯಾನಿಫೋಲ್ಡಿನ ವೆಲ್ಡಿಂಗ್ ಸೊಗಸಾಗಿದೆ. ಆಟೋಕ್ರಾಸ್‌ಗೆ ಮಾತ್ರ ಎಂದಿದ್ದೀಯ, ಆ ಮಾತು ಉಳಿಸಿಕೋ. ಇದನ್ನು ರಸ್ತೆಗೆ ಇಳಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹಿಡಿದುಕೊಂಡು ಆರ್‌ಟಿಒ ಎದುರು ನಿಲ್ಲುತ್ತಾರೆ. ನಿನ್ನಂಥ ಹುಡುಗರು ಈಗ ಊರೂರಲ್ಲಿದ್ದಾರೆ, ಅದಕ್ಕೇ ಈ ಕಾಗದವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಬೂಸ್ಟ್ ಎಷ್ಟಿಡಲಿ ಎಂದು ಎಲ್ಲರೂ ಕೇಳುತ್ತಾರೆ. ಆಯಿಲ್ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂದು ಕೇಳಿದವರನ್ನು ನಾನು ಕಂಡದ್ದು ಕಡಿಮೆ.

ನಿನ್ನ ಮೂರನೇ ಫೋಟೊ ನೋಡಿ ನನಗೆ ಕಸಿವಿಸಿಯಾಯಿತು. ಬ್ಲಾಕಿನ ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ, ಆ ತೂತಿಗೆ ಒಂದು ಹಿತ್ತಾಳೆ ಟೀ ಹಾಕಿದ್ದೀಯ. ಟೀಯ ಒಂದು ಕಡೆಯಿಂದ ಆಯಿಲ್ ಪ್ರೆಷರ್ ಗೇಜಿಗೆ ಬಿಳಿ ನೈಲಾನ್ ಪೈಪು, ಇನ್ನೊಂದು ಕಡೆಯಿಂದ ಟರ್ಬೊಗೆ ತಾಮ್ರದ ಪೈಪು. ತ್ರೆಡ್ಡಿನ ಸುತ್ತ ಟೆಫ್ಲಾನ್ ಟೇಪು ಬಾಳೆನಾರಿನ ಹಾಗೆ ಜೋತಾಡುತ್ತಿದೆ.

ಮೊದಲು ತ್ರೆಡ್ಡಿನ ವಿಚಾರ. ಜಪಾನಿ ಮೂಲದ ಎಂಜಿನ್ನುಗಳಲ್ಲಿ ಆ ಸ್ವಿಚ್ಚಿನ ತೂತು ಸಾಮಾನ್ಯವಾಗಿ ಎಂಟನೇ ಒಂದು ಇಂಚಿನ ಬಿಎಸ್‌ಪಿ ಟೇಪರ್, ಇಂಚಿಗೆ 28 ತ್ರೆಡ್. ಗೇಜ್ ಕಿಟ್ಟಿನ ಜೊತೆ ಬರುವ ನಿಪ್ಪಲ್ ಎಷ್ಟೋ ಸಲ ಅಮೆರಿಕದ ಎನ್‌ಪಿಟಿ ಆಗಿರುತ್ತದೆ, ಅದು ಇಂಚಿಗೆ 27. ಮೊದಲ ಎರಡು ಮೂರು ಸುತ್ತು ಬೆಣ್ಣೆಯ ಹಾಗೆ ಇಳಿಯುತ್ತದೆ, ಆಮೇಲೆ ಬಿಗಿಯಾಗುತ್ತದೆ. ಬಿಗಿಯಾಯಿತು ಅಂದರೆ ಕೂತಿತು ಎಂದುಕೊಂಡು ಪಾನಾ ಹಾಕಿ ಇನ್ನೊಂದು ಸುತ್ತು ಎಳೆಯುತ್ತಾರೆ. ತ್ರೆಡ್ ಕೆಡುವುದು ಅಲ್ಲೇ. ಕೈಯಲ್ಲೇ ನಾಲ್ಕೈದು ಸುತ್ತು ಸಲೀಸಾಗಿ ಹೋಗದಿದ್ದರೆ ನಿಲ್ಲಿಸಿ, ಪಿಚ್ ಗೇಜ್ ಇಟ್ಟು ನೋಡು. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಬಿಎಸ್‌ಪಿ ಧಾರಾಳವಾಗಿ ಸಿಗುತ್ತದೆ, ಸರಿಯಾದ ನಿಪ್ಪಲ್ ತರುವುದು ಕಷ್ಟವಲ್ಲ.

ಟೇಪು ಬೇಡವೇ ಬೇಡ. ಬಿಗಿಯುವಾಗ ಅದರ ಎಳೆ ಹರಿದು ಒಳಗೆ ಬೀಳುತ್ತದೆ. ನೀರಿನ ನಲ್ಲಿಗಾದರೆ ಅಡ್ಡಿಯಿಲ್ಲ, ಇಲ್ಲಿ ಆ ಎಳೆ ಸೀದಾ ಟರ್ಬೊ ಬಾಯಿಗೆ ಹೋಗುತ್ತದೆ. ಟರ್ಬೊ ಫ್ಲಾಂಜಿಗೆ ಪೇಸ್ಟ್ ಮೆತ್ತಿ ಕೂರಿಸುವುದಕ್ಕೂ ಇದೇ ಮಾತು. ಹಿಂಡಿದ ಪೇಸ್ಟ್ ಹೊರಗೆ ಕಂಡಷ್ಟೇ ಒಳಗೂ ಬಂದಿರುತ್ತದೆ. ಟೇಪರ್ ತ್ರೆಡ್ಡಿಗೆ ಆಯಿಲ್ ತಡೆಯುವ ಲಿಕ್ವಿಡ್ ಸೀಲೆಂಟ್ ಹಚ್ಚು, ತುದಿಯ ಒಂದೆರಡು ತ್ರೆಡ್ ಬಿಟ್ಟು. ಬ್ಯಾಂಜೊ ಬೋಲ್ಟಿಗೆ ಎರಡೂ ಬದಿ ಹೊಸ ತಾಮ್ರದ ವಾಷರ್ ಹಾಕಿದರೆ ಸಾಕು.

ಇನ್ನು ಆ ಎರಡು ಪೈಪುಗಳು. ಒಂದೇ ಟೀಯಿಂದ ಹೊರಟರೂ ಅವುಗಳ ಸ್ವಭಾವ ಬೇರೆ, ನೀನು ಎಡವಿದ್ದು ಇಲ್ಲಿ. ಗೇಜಿನ ಪೈಪಿನಲ್ಲಿ ಆಯಿಲ್ ಹರಿಯುವುದಿಲ್ಲ, ತುಂಬಿಕೊಂಡು ಸುಮ್ಮನೆ ನಿಂತಿರುತ್ತದೆ. ಅದು ಎಷ್ಟು ಸಣ್ಣದಿದ್ದರೂ ಮುಳ್ಳು ಸರಿಯಾಗಿಯೇ ತೋರಿಸುತ್ತದೆ. ಬ್ಲಾಕಿನ ತುದಿಯಲ್ಲೇ ಸೂಜಿಮೊನೆಯಷ್ಟು ತೂತಿನ ತಡೆ ಹಾಕಿದರೆ ಇನ್ನೂ ಒಳ್ಳೆಯದು: ಮುಳ್ಳು ನಡುಗುವುದಿಲ್ಲ, ಪೈಪು ಹರಿದರೂ ಆಯಿಲ್ ಒಂದೇ ಸಲಕ್ಕೆ ಖಾಲಿಯಾಗುವುದಿಲ್ಲ. ಟರ್ಬೊ ಪೈಪಿನಲ್ಲಿ ಆಯಿಲ್ ಎಡೆಬಿಡದೆ ಹರಿಯುತ್ತದೆ. ದಾರಿ ಕಿರಿದಾದಷ್ಟೂ ಒತ್ತಡ ದಾರಿಯಲ್ಲೇ ಕರಗುತ್ತದೆ. ಗೇಜಿಗೆಂದು ಬಂದ ಸಣ್ಣ ತೂತಿನ ಟೀಯಿಂದಲೇ ಟರ್ಬೊಗೂ ಆಯಿಲ್ ಕೊಟ್ಟರೆ ಟರ್ಬೊಗೂ ಸಾಲದು, ಗೇಜೂ ಎಂಜಿನ್ನಿನ ನಿಜವಾದ ಒತ್ತಡ ಹೇಳದು.

ಅದಕ್ಕೇ ಇವನ್ನು ಬೇರೆ ಮಾಡು. ಆಯಿಲ್ ಫಿಲ್ಟರಿನ ಕೆಳಗೆ ಸ್ಯಾಂಡ್‌ವಿಚ್ ಪ್ಲೇಟ್ ಹಾಕಿ, ಫಿಲ್ಟರ್ ದಾಟಿ ಬಂದ ಆಯಿಲ್ ಸಿಗುವ ತೂತಿನಿಂದ ಟರ್ಬೊಗೆ ಕೊಡು. ಒಳಬದಿ ಸುಮಾರು 5 ಮಿಲಿಮೀಟರ್ ಇರುವ ಬ್ರೇಡೆಡ್ ಹೋಸ್, ಅಂದರೆ ಪೇಟೆಯಲ್ಲಿ ಡ್ಯಾಶ್ ನಾಲ್ಕು ಎನ್ನುವ ಸೈಜು, ನಿನ್ನ ಬುಷ್ ಬೇರಿಂಗ್ ಟರ್ಬೊಗೆ ಸಾಕು. ಬಾಲ್ ಬೇರಿಂಗ್ ಟರ್ಬೊ ಆಗಿದ್ದರೆ 1 ಮಿಲಿಮೀಟರಿನ ಆಸುಪಾಸಿನ ರೆಸ್ಟ್ರಿಕ್ಟರ್ ಬೇಕಾಗುತ್ತಿತ್ತು. ಯಾರೋ ಹೇಳಿದರೆಂದು ಅದನ್ನು ತಂದು ಇದಕ್ಕೆ ಹಾಕಬೇಡ, ಬುಷ್ ಒಣಗಿ ಹೋಗುತ್ತದೆ.

ತಾಮ್ರದ ಪೈಪು ನನಗೆ ಸರಿಬರುವುದಿಲ್ಲ. ಎಂಜಿನ್ ಅಲುಗಿದಂತೆಲ್ಲ ತಾಮ್ರ ಗಡುಸಾಗುತ್ತಾ ಹೋಗುತ್ತದೆ, ಒಂದು ದಿನ ನಟ್ಟಿನ ಬುಡದಲ್ಲೇ ಕೂದಲೆಳೆಯ ಬಿರುಕು ಬಿಡುತ್ತದೆ. ಅದರ ಫ್ಲೇರ್ ಫ್ರಿಜ್ ರಿಪೇರಿ ಅಂಗಡಿಯಲ್ಲಿ ಮಾಡಿಸಿದ್ದು ಎಂದು ಬರೆದಿದ್ದೀಯಲ್ಲ, ಅದು ಇನ್ನೊಂದು ಬಲೆ. ಫ್ರಿಜ್ಜಿನವರ ಫ್ಲೇರ್ 45 ಡಿಗ್ರಿ, ಡ್ಯಾಶ್ ನಾಲ್ಕು ಫಿಟ್ಟಿಂಗಿನ ಮೂತಿ 37 ಡಿಗ್ರಿ. ಕಾಲು ಇಂಚಿನ ಸೈಜಿನಲ್ಲಿ ಎರಡಕ್ಕೂ ನಟ್ಟಿನ ತ್ರೆಡ್ ಒಂದೇ, 7/16 ಇಂಚು, ಇಂಚಿಗೆ 20. ಹಾಗಾಗಿ ನಟ್ಟು ಚೆನ್ನಾಗಿ ತಿರುಗಿ ಕೂರುತ್ತದೆ, ಒಳಗೆ ಮಾತ್ರ ಎರಡು ಮುಖಗಳು ಒಂದು ಗೆರೆಯಷ್ಟೇ ತಾಗಿರುತ್ತವೆ. ಮಣ್ಣು ಎತ್ತುವ ಯಂತ್ರಗಳಿಗೆ ಹೋಸ್ ಕ್ರಿಂಪ್ ಮಾಡುವ ಹೈಡ್ರಾಲಿಕ್ ಅಂಗಡಿಗೆ ಹೋಗಿ ಜೆಐಸಿ ಫಿಟ್ಟಿಂಗ್ ಎಂದು ಕೇಳು, 37 ಡಿಗ್ರಿಯದೇ ಕೊಡುತ್ತಾರೆ. ಬಿಸಿ ಆಯಿಲ್ ತಡೆಯುವ ಹೋಸೇ ಬೇಕು ಎಂದು ಬಾಯಿಬಿಟ್ಟು ಹೇಳು.

ಹೋಸನ್ನು ಎಕ್ಸಾಸ್ಟಿನಿಂದ ದೂರ ತಂದು, ಅಲ್ಲಲ್ಲಿ ಕ್ಲಾಂಪ್ ಹಾಕಿ, ಹತ್ತಿರ ಹಾಯಲೇಬೇಕಾದ ಕಡೆ ಶಾಖ ತಡೆಯುವ ತೋಳು ತೊಡಿಸು. ಪೆಟ್ರೋಲ್ ಎಂಜಿನ್ನಿನ ಹೊಗೆ ಟರ್ಬೊ ಬಾಯಲ್ಲಿ 900 ಡಿಗ್ರಿ ಸೆಲ್ಸಿಯಸ್ ಮುಟ್ಟಬಲ್ಲದು. ಅಲ್ಲಿಗೆ ಆಯಿಲ್ ಚಿಮ್ಮಿದರೆ ಬೆಂಕಿ ಹತ್ತಲು ಕಿಡಿಯೂ ಬೇಕಿಲ್ಲ. ನಿನ್ನ ಟರ್ಬೊದಲ್ಲಿ ನೀರಿನ ದಾರಿ ಕಾಣಲಿಲ್ಲ, ಅದನ್ನು ತಣ್ಣಗಿಡುವುದೂ ಆಯಿಲ್ಲೇ. ಡೀಸೆಲ್ಲಿಗೆ ಮಾಡಿದ್ದನ್ನು ಅದಕ್ಕಿಂತ ಬಿಸಿಯಾದ ಪೆಟ್ರೋಲ್ ಹೊಗೆಗೆ ಒಡ್ಡುತ್ತಿದ್ದೀಯ ಎಂಬುದು ನೆನಪಿರಲಿ. ಓಟ ಮುಗಿದ ಕೂಡಲೇ ಆಫ್ ಮಾಡದೆ ಒಂದೆರಡು ನಿಮಿಷ ಐಡ್ಲಿಂಗಿನಲ್ಲಿ ಬಿಡು. ಇಲ್ಲದಿದ್ದರೆ ಒಳಗೆ ನಿಂತ ಆಯಿಲ್ ಸುಟ್ಟು ಕರಿಕಟ್ಟಿ ಪೈಪು ಕಟ್ಟಿಕೊಳ್ಳುತ್ತದೆ. ಹಳೇ ಟರ್ಬೊ ಜೊತೆ ಬಂದ ಹಳೇ ಪೈಪನ್ನು ಮರಳಿ ಹಾಕಬಾರದು ಎನ್ನುವುದೂ ಇದಕ್ಕೇ.

ಗೇಜಿಗೆ ಬರುತ್ತೇನೆ. ಫೈರ್‌ವಾಲಿನಲ್ಲಿ ಗ್ರಾಮೆಟ್ ಕೂಡ ಇಲ್ಲದ ತೂತು ಕೊರೆದು ನೈಲಾನ್ ಪೈಪನ್ನು ಒಳಗೆ ತಂದಿದ್ದೀಯ. ನಾಲ್ಕೈದು ಕೆಜಿ ಪ್ರೆಷರಿನ ಕುದಿ ಆಯಿಲ್ ನಿನ್ನ ಮೊಣಕಾಲಿನ ಪಕ್ಕ! ಅದನ್ನು ಕಿತ್ತು ಎಲೆಕ್ಟ್ರಿಕ್ ಗೇಜ್ ಹಾಕು, ಒಳಗೆ ವೈರ್ ಮಾತ್ರ ಬರಲಿ. ಅದರ ಸೆಂಡರ್ ಭಾರದ ಡಬ್ಬಿ. ಬ್ಲಾಕಿನ ಹಿತ್ತಾಳೆ ಟೀಗೆ ಅದನ್ನೇ ನೇತುಹಾಕಿದರೆ ಅದುರಿ ಅದುರಿ ಟೀಯ ಕುತ್ತಿಗೆ ಮುರಿಯುತ್ತದೆ. ಗಿಡ್ಡ ಹೋಸಿನಲ್ಲಿ ಬಾಡಿಯ ಕಡೆಗೆ ತಂದು ಕ್ಲಾಂಪ್ ಮಾಡಿ, ಒಂಟಿ ವೈರಿನ ಸೆಂಡರ್ ಆದರೆ ಬೇರೆ ಅರ್ಥ್ ವೈರ್ ಎಳೆ. ಕಂಪನಿಯ ಕೆಂಪು ದೀಪದ ಸ್ವಿಚ್ಚನ್ನೂ ಉಳಿಸಿಕೋ. ತಿರುವಿನಲ್ಲಿ ಗೇಜ್ ನೋಡಲು ನಿನಗೆ ಪುರುಸೊತ್ತಿರುವುದಿಲ್ಲ.

ಆದರೆ ಆ ಗೇಜನ್ನು ಪೂರ್ತಿ ನಂಬಬೇಡ. ಟರ್ಬೊ ಪೈಪು ಕಟ್ಟಿಕೊಂಡರೆ ಮುಳ್ಳು ಇಳಿಯುವುದಿಲ್ಲ. ಹರಿದು ಹೋಗುವ ದಾರಿ ಒಂದು ಕಮ್ಮಿಯಾದ್ದರಿಂದ ಕೂದಲೆಳೆಯಷ್ಟು ಮೇಲೇ ಹೋಗಬಹುದು. ನಿಮಿಷಕ್ಕೆ 1,00,000 ಸುತ್ತು ದಾಟುವ ಶಾಫ್ಟ್ ಉಪವಾಸ ಬಿದ್ದಿರುತ್ತದೆ, ನಿನ್ನ ಕಣ್ಣಿಗೆ ಎಂಜಿನ್ ಆರೋಗ್ಯವಾಗಿ ಕಾಣುತ್ತಿರುತ್ತದೆ. ಒಮ್ಮೆಯಾದರೂ ಟರ್ಬೊದ ಆಯಿಲ್ ಬಾಯಲ್ಲೇ ಟೆಸ್ಟ್ ಗೇಜ್ ಕೂರಿಸಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲೂ ರೇಸ್ ಕೊಟ್ಟೂ ನೋಡಿಕೋ.

ಡ್ರೈನ್ ಪೈಪಿನ ಫೋಟೊವನ್ನೇ ನೀನು ಕಳಿಸಿಲ್ಲ. ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಅದಕ್ಕೆ. ಟರ್ಬೊ ಒಳಗಿಂದ ಆಯಿಲ್ ನೊರೆನೊರೆಯಾಗಿ ಹೊರಬೀಳುತ್ತದೆ, ಅದನ್ನು ತಳ್ಳುವ ಒತ್ತಡ ಹಿಂದಿರುವುದಿಲ್ಲ, ತನ್ನ ಭಾರಕ್ಕೆ ತಾನೇ ಇಳಿಯಬೇಕು. ಹಾಗಾಗಿ ಒಳಬದಿ ಅರ್ಧ ಇಂಚಿಗೆ ಕಮ್ಮಿಯಿಲ್ಲದ ಪೈಪು, ಎಲ್ಲೂ ಮೇಲಕ್ಕೆ ಏರದೆ, ಹೊಟ್ಟೆ ಜೋತುಬೀಳದೆ, ಲಂಬರೇಖೆಯಿಂದ 35 ಡಿಗ್ರಿಗೆ ಮೀರಿ ವಾಲದೆ ಎಂಜಿನ್ ತಳದ ಆಯಿಲ್ ಚೇಂಬರಿಗೆ ಬರಬೇಕು. ಸೇರುವ ಜಾಗ ಚೇಂಬರಿನ ಆಯಿಲ್ ಮಟ್ಟಕ್ಕಿಂತ ಮೇಲಿರಲಿ. ಟರ್ಬೊದ ಸೀಲು ರಬ್ಬರಿನದಲ್ಲ, ಪಿಸ್ಟನ್ ರಿಂಗಿನಂಥದ್ದು. ಒಳಗೆ ಆಯಿಲ್ ತುಂಬಿ ನಿಂತರೆ ತಡೆಯುವ ಶಕ್ತಿ ಅದಕ್ಕಿಲ್ಲ. ಕ್ರಾಂಕ್‌ಕೇಸಿನ ಬ್ರೀದರ್ ಕಟ್ಟಿಕೊಂಡಿದ್ದರೂ ಫಲ ಒಂದೇ. ನೀಲಿ ಹೊಗೆ ಬರುತ್ತದೆ, ಟರ್ಬೊ ಸೀಲ್ ಹೋಗಿದೆ ಎಂದು ಹೊಸ ಟರ್ಬೊ ತರುತ್ತಾರೆ, ಅದೂ ನೀಲಿ ಹೊಗೆ ಬಿಡುತ್ತದೆ. ಚೇಂಬರ್ ಬಿಚ್ಚಿ, ತೊಳೆದು, ದಪ್ಪ ಬಂಗ್ ವೆಲ್ಡ್ ಮಾಡಿಸು. ಬಿಚ್ಚದೆಯೇ ಕೊರೆದರೆ ಲೋಹದ ಪುಡಿ ಒಳಗೆ ಬೀಳುತ್ತದೆ.

ಇಷ್ಟಾದ ಮೇಲೂ ನೇರ ಸ್ಟಾರ್ಟ್ ಮಾಡಬೇಡ. ಟರ್ಬೊದ ಆಯಿಲ್ ಬಾಯಿಗೆ ಕೈಯಾರೆ ಹೊಸ ಆಯಿಲ್ ಸುರಿದು ಅದರ ಚಕ್ರ ತಿರುಗಿಸು. ಹೋಸ್ ಹಾಕಿ, ಫ್ಯೂಲ್ ಪಂಪಿನ ಫ್ಯೂಸ್ ಕಿತ್ತು, ಡ್ರೈನ್ ಹೋಸಿನ ಕೆಳತುದಿಯನ್ನು ಒಂದು ಡಬ್ಬಿಯೊಳಗೆ ಬಿಟ್ಟು, ಸ್ವಲ್ಪ ಸ್ವಲ್ಪವೇ ಸೆಲ್ಫ್ ಹೊಡೆ. ಡಬ್ಬಿಗೆ ಆಯಿಲ್ ಬೀಳುವುದನ್ನು ಕಣ್ಣಾರೆ ಕಂಡ ಮೇಲೆ ಹೋಸ್ ಚೇಂಬರಿಗೆ ಸೇರಿಸಿ ಫ್ಯೂಸ್ ಹಾಕು. ಅಷ್ಟರೊಳಗೆ ಡ್ರೈನ್ ಪೈಪಿನ ಫೋಟೊ ಒಂದು ಕಳಿಸು, ಅದನ್ನು ನೋಡದೆ ನಾನು ಸ್ಟಾರ್ಟ್ ಮಾಡು ಎನ್ನುವುದಿಲ್ಲ.

ಇಂತಿ,
ನಿನ್ನ ಹಿತೈಷಿ